ಅಗಸನ ಬೆನ್ನಿನ ಕೆಂಪು ಪಟ್ಟೆ

ಫಾನಿಯಾಸ್ ಅಥೆನ್ಸಿನ ಪೌರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನನ್ನು ನೋಡಿದವರಿಗೆ ಯಾರಿಗೂ ಹಾಗೆ ಅನ್ನಿಸುತ್ತಿರಲಿಲ್ಲ. ಕುಳ್ಳ ಆಳು, ಮೊಣಕಾಲಿಗೆ ಮೊಣಕಾಲು ತಾಗುವ ನಡಿಗೆ, ಗಂಧಕದ ಹೊಗೆ ತಾಗಿ ಸದಾ ಕೆಂಪಗಿರುವ ಕಣ್ಣು. ಕಸುಬು ಬಟ್ಟೆ ಒಗೆಯುವುದು. ಅವನ ತೊಟ್ಟಿಯ ಪಕ್ಕದಲ್ಲಿ, ಓಣಿಯ ಮೂಲೆಗೆ, ಅಗಲ ಬಾಯಿಯ ಒಂದು ಗಡಿಗೆ ಇಟ್ಟಿದ್ದ. ಉಣ್ಣೆಯ ಜಿಡ್ಡು ಬಿಡಬೇಕಾದರೆ ಹಳಸಿದ ಉಚ್ಚೆಯಷ್ಟು ಒಳ್ಳೆಯದು ಬೇರೊಂದಿಲ್ಲ. ನಮ್ಮ ಕೇರಿಯ ಗಂಡಸರು ನಗರಕ್ಕೆ ಏನು ಕೊಟ್ಟರೋ ನನಗೆ ಗೊತ್ತಿಲ್ಲ, ಫಾನಿಯಾಸನ ಗಡಿಗೆಗೆ ಮಾತ್ರ ಒಂದು ದಿನವೂ ತಪ್ಪಿಸದೆ ಕೊಟ್ಟರು.

ನಾನು ಹೆರ್ಮೋನ್, ಮೆಗಾರದವನು. ಆ ಗಡಿಗೆಯ ಎದುರಿಗೇ ನನ್ನ ಕ್ಷೌರದಂಗಡಿ. ಹೊರಗಿನವನು ಈ ಊರಲ್ಲಿ ಬದುಕಬೇಕೆಂದರೆ ತಿಂಗಳು ತಿಂಗಳು ತಲೆಗಂದಾಯ ಕಟ್ಟಬೇಕು, ಅಲ್ಲದೆ ಪೌರನೊಬ್ಬ ಅವನಿಗೆ ಜಾಮೀನು ನಿಲ್ಲಬೇಕು. ನಾನು ಬಂದ ಹೊಸತರಲ್ಲಿ ಮಾನಸ್ಥರೆಲ್ಲ ಮುಖ ತಿರುಗಿಸಿದಾಗ ನನಗೆ ಜಾಮೀನು ನಿಂತವನು ಫಾನಿಯಾಸ್. ಯಾಕಪ್ಪಾ ಅಂತ ಕೇಳಿದ್ದಕ್ಕೆ, "ಎದುರುಗಡೆ ಅಂಗಡಿ ಖಾಲಿ ಇದ್ರೆ ನಂಗೆ ಮಾತಾಡೋಕೆ ಯಾರೂ ಇರಲ್ಲ" ಅಂದಿದ್ದ. ಅವನ ಋಣ ನನ್ನ ಮೇಲಿದೆ. ಆದ್ದರಿಂದ ಅವನ ಕಥೆ ಹೇಳುವಾಗ ನಾನು ಸ್ವಲ್ಪ ಆಡಿಕೊಂಡರೂ ಅದು ಪ್ರೀತಿಯಿಂದಲೇ, ಹೆಚ್ಚುಪಾಲು.

ನಮ್ಮಲ್ಲಿ ಮಹಾಸಭೆಯ ದಿನ ಗುಡ್ಡದ ಮೇಲೆ ಪೌರರೆಲ್ಲ ಸೇರಿ ಯುದ್ಧ, ಸಂಧಿ, ತೆರಿಗೆ ಎಲ್ಲ ತೀರ್ಮಾನಿಸಬೇಕು. ಸ್ವತಂತ್ರ ಜನರ ಭಾಗ್ಯ ಅದು. ಆ ಭಾಗ್ಯವಂತರೋ ಬೆಳಗಾದರೆ ಮೀನಿನ ಅಂಗಡಿ ಮುಂದೆ ಹರಟುತ್ತ ನಿಲ್ಲುತ್ತಾರೆ. ಅದಕ್ಕೇ ಊರ ಕಾವಲಿನ ಸರ್ಕಾರಿ ಬಿಲ್ಲುಗಾರರು ಕೆಮ್ಮಣ್ಣಲ್ಲಿ ಅದ್ದಿದ ಉದ್ದ ಹಗ್ಗ ಹಿಡಿದು, ಕುರಿ ಅಟ್ಟಿದ ಹಾಗೆ, ಸಂತೆಯಿಂದ ಅವರನ್ನು ಗುಡ್ಡಕ್ಕೆ ಅಟ್ಟುವುದು. ಹಿಂದೆ ಬಿದ್ದವನ ಬೆನ್ನಿಗೆ ಕೆಂಪು ಪಟ್ಟೆ ಬೀಳುತ್ತದೆ. ಪಟ್ಟೆ ಕಂಡರೆ ದಂಡ. ನಾವು ಹೊರಗಿನವರು ಅಂಗಡಿ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿರುತ್ತೇವೆ. ಹಗ್ಗ ನಮ್ಮ ಹತ್ತಿರ ಬಂದಾಗ ಬಿಲ್ಲುಗಾರ ಅದನ್ನು ಎತ್ತಿ ಹಿಡಿದು ನಮ್ಮನ್ನು ದಾಟಿಸಿಕೊಂಡು ಹೋಗುತ್ತಾನೆ. ಹಗ್ಗವೂ ಮಡಿ ನೋಡುತ್ತದೆ.

ಪಟ್ಟೆ ಬಿದ್ದವರು ಸಂಜೆಗೆ ಹೊದಿಕೆಯನ್ನು ಮಡಿಚಿ ಕಂಕುಳಲ್ಲಿ ಅಡಗಿಸಿಕೊಂಡು ಫಾನಿಯಾಸನ ತೊಟ್ಟಿಗೆ ಬರುತ್ತಿದ್ದರು. ಕೆಮ್ಮಣ್ಣು ಹಠಮಾರಿ. ಎಷ್ಟು ತುಳಿದರೂ ತಿಳಿಗೆಂಪು ಉಳಿಯುತ್ತದೆ, ಇನ್ನೂ ತುಳಿದರೆ ಉಣ್ಣೆ ಕುಗ್ಗುತ್ತದೆ. ಗಿರಾಕಿ ಗೊಣಗಿದರೆ ಫಾನಿಯಾಸ್ ತಲೆಯೆತ್ತದೆ ಹೇಳುತ್ತಿದ್ದ: "ಕಲೆ ಬೇಡ ಅಂದ್ರೆ ಹೊತ್ತಿಗೆ ಸರಿಯಾಗಿ ಸಭೆಗೆ ಹೋಗಪ್ಪ. ನನ್ನ ತೊಟ್ಟಿ ಒಗೆಯೋದು ಬಟ್ಟೆನ, ಬುದ್ಧಿನ ಅಲ್ಲ." ಮಾತು ಹೀಗೆ. ಹೋಗಲಿ, ಅವನೇನು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದನೇ ಅಂದರೆ ಅದೂ ಇಲ್ಲ. "ಅಲ್ಲಿ ಹೋಗಿ ಯುದ್ಧ ಬೇಕು ಅಂತ ಕೈ ಎತ್ಬೇಕು, ಎತ್ತಿದ್ರೆ ನನ್ನ ಮಗನೇ ಹಡಗಲ್ಲಿ ಹುಟ್ಟು ಹಾಕ್ಬೇಕು. ಅದರ ಬದಲು ಇಲ್ಲೇ ನಾಲ್ಕು ಬಟ್ಟೆ ಒಗೀತೀನಿ" ಅನ್ನುತ್ತಿದ್ದ.

ಹೀಗಿರುವಾಗ ಮಹಾಸಭೆಗೆ ಒಂದು ಗುಮಾನಿ ಹುಟ್ಟಿತು: ಹೊರಗಿನವರು ಎಷ್ಟೋ ಜನ ಪೌರರ ಪಟ್ಟಿಯೊಳಗೆ ನುಸುಳಿದ್ದಾರೆ. ಒಂದೊಂದು ಕೇರಿಯೂ ತನ್ನ ಪೌರರ ಹೆಸರುಗಳನ್ನು ಒಂದೊಂದಾಗಿ ಕೂಗಬೇಕು, ಹೆಸರು ಹೆಸರಿಗೂ ಕೇರಿಯವರು ಒಂದು ಗಡಿಗೆಯೊಳಗೆ ಗುಟ್ಟಾಗಿ ಕಲ್ಲು ಹಾಕಬೇಕು ಅಂತ ಆಜ್ಞೆಯಾಯಿತು. ಬಿಳಿಕಲ್ಲಾದರೆ ನಮ್ಮವನು, ಕರಿಕಲ್ಲಾದರೆ ಅಲ್ಲ. ನಮ್ಮ ಕೇರಿಯ ಆ ವರ್ಷದ ಯಜಮಾನ ನಿಕಾರ್ಖೋಸ್. ಚೀಟಿ ಎತ್ತಿದಾಗ ಬಂದ ಯಜಮಾನಿಕೆ ಅದು, ಅವನು ಮಾತ್ರ ತಾಯಿ ಹೊಟ್ಟೆಯಿಂದಲೇ ತಂದ ಹಾಗೆ ಬೀಗುತ್ತಿದ್ದ.

ಫಾನಿಯಾಸನಿಗೆ ಎಳ್ಳಷ್ಟೂ ದಿಗಿಲಿರಲಿಲ್ಲ. ಅವನ ತಾತನ ತಾತ ಇದೇ ಓಣಿಯಲ್ಲಿ ಎಡವಿ ಬಿದ್ದು ಹಲ್ಲು ಮುರಿದುಕೊಂಡವನು. ತನ್ನ ಹೆಸರು ಕೂಗಿದಾಗ ಅವನು ಪಕ್ಕದವರಿಗೆ ಒಣ ಅಂಜೂರ ಹಂಚುತ್ತ ಕೂತಿದ್ದನಂತೆ. ಜನ ಅಂಜೂರ ಬಾಯಿಗೆ ಹಾಕಿಕೊಂಡು, ಎದ್ದು ಹೋಗಿ, ಮುಷ್ಟಿಯನ್ನು ಗಡಿಗೆಯೊಳಗೆ ಇಳಿಸಿ ಬಂದರು. ಗಡಿಗೆ ಕವುಚಿದಾಗ ನೆಲವೆಲ್ಲ ಕರಿಕಲ್ಲು. ಸುತ್ತ ಎಲ್ಲರೂ ಅಂಜೂರ ಅಗಿಯುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಅವನು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ. ಕೂರಲಿಲ್ಲ. ಗೋಡೆಗೆ ಒರಗಿ ನಿಂತ.

"ಯಾರೋ ನನ್ನ ಮೇಲೆ ಸಂಚು ಮಾಡಿದಾರೆ ಹೆರ್ಮೋನ್. ಇಡೀ ಕೇರಿನ ಕೊಂಡುಕೊಂಡಿದಾರೆ."

"ನಿನ್ನ ಮೇಲೆ ಸಂಚು ಮಾಡಿ ಏನು ಸಿಗತ್ತಯ್ಯ? ಆ ಗಡಿಗೆನಾ?"

ಅವನು ನಗಲಿಲ್ಲ. ಆಗ ನನಗೂ ಭಯವಾಯಿತು. ಅವನು ನಗದೇ ಇದ್ದದ್ದನ್ನು ನಾನು ಕಂಡವನಲ್ಲ.

ಸಂಚು ಏನೆಂದು ನನಗೆ ಆಮೇಲಿನ ದಿನಗಳಲ್ಲಿ ತಿಳಿಯಿತು. ಕ್ಷೌರಕ್ಕೆ ಕೂತ ಮನುಷ್ಯನ ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತದೆ. ಎಣ್ಣೆ ಮಾರುವ ಮುದುಕ ಬಂದು ಕೂತವನು ಗಡ್ಡ ಅರ್ಧವಾಗುವ ಹೊತ್ತಿಗೆ ಅಂದ: "ಕರಿದು ಹಾಕಿದ್ದು ನಾನೇ ಕಣಯ್ಯ. ಮಗನ ಮದುವೆ ಹೊದಿಕೆನ ಸೀಗಡಿ ಬಣ್ಣ ಮಾಡಿಕೊಟ್ಟಿದ್ದ. ಸುಮ್ನೆ ಚುರುಕು ಮುಟ್ಟಿಸೋಣ ಅಂತ. ಮಿಕ್ಕವರೆಲ್ಲ ಬಿಳಿ ಹಾಕ್ತಾರಲ್ಲ, ನನ್ನ ಒಂದು ಕಲ್ಲಿಂದ ಏನಾಗತ್ತೆ ಅಂದ್ಕೊಂಡೆ." ಮರುದಿನ ಒಬ್ಬ ಬಡಗಿ ಬಂದ, ಅವನದೂ ಅದೇ ರಾಗ, ಅವನಿಗೆ ಫಾನಿಯಾಸ್ ಏನೋ ಚುಚ್ಚಿ ಮಾತಾಡಿದ್ದನಂತೆ. ಯಜಮಾನ ನಿಕಾರ್ಖೋಸನೇ ಬಂದು, ಉಗುರು ಕತ್ತರಿಸಿಕೊಳ್ಳುತ್ತ, ಸುತ್ತ ನೋಡಿ, ಮೆಲ್ಲಗೆ ಹೇಳಿಕೊಂಡ. ಹನಿಹನಿ ಗೂಡಿದರೆ ಹಳ್ಳ. ಒಬ್ಬನಿಗೂ ಫಾನಿಯಾಸ್ ಹೊರಗೆ ಹೋಗಬೇಕೆಂದು ಇರಲಿಲ್ಲ. ಒಬ್ಬೊಬ್ಬನೂ ಬೇರೆಯವರ ಒಳ್ಳೆಯತನವನ್ನು ನಂಬಿ ತನ್ನ ಕೆಟ್ಟತನವನ್ನು ಗಡಿಗೆಗೆ ಹಾಕಿದ್ದ.

"ಹಾಗಾದ್ರೆ ಇನ್ನೊಂದು ಸಲ ಕಲ್ಲು ಹಾಕಿಸಿ ಯಜಮಾನ್ರೆ. ಎಲ್ಲರಿಗೂ ಪಶ್ಚಾತ್ತಾಪ ಆಗಿದೆಯಲ್ಲ" ಅಂದೆ.

"ಹಾಗೆಲ್ಲ ಬರಲ್ಲಪ್ಪ. ಕಲ್ಲು ಹೇಳಿದ್ದು ಹೇಳಿದ್ದೇ. ಪಶ್ಚಾತ್ತಾಪ ಎಣಿಸೋಕೆ ಕಾನೂನಲ್ಲಿ ಗಡಿಗೆ ಇಲ್ಲ."

ಕೇರಿಯಲ್ಲಿ ಥುದಿಪ್ಪೋಸ್ ಅಂತ ಒಬ್ಬ ಇದ್ದ. ಕಂಬಸಾಲಿನ ನೆರಳಲ್ಲಿ ಕೂತು ನ್ಯಾಯ ಅಂದರೇನು, ಕಾನೂನು ಎಲ್ಲಿಂದ ಬಂತು ಅಂತ ವಾದ ಮಾಡುವ ಪಂಡಿತರ ಬೆನ್ನು ಹತ್ತಿದವನು. ಗಡ್ಡ ತಿದ್ದಿಸಿಕೊಳ್ಳುತ್ತಲೂ ಪಾಠ ಮಾಡುತ್ತಿದ್ದ.

"ನ್ಯಾಯ ಆಕಾಶದಿಂದ ಬಿದ್ದದ್ದಲ್ಲ ಹೆರ್ಮೋನ್. ಮನುಷ್ಯರು ಮಾಡ್ಕೊಂಡ ಒಪ್ಪಂದ. ನಾನು ನಿನಗೆ ಹೊಡೆಯಲ್ಲ, ನೀನು ನನಗೆ ಹೊಡೀಬೇಡ. ಅಷ್ಟೇ. ಯಾರೂ ನೋಡಲ್ಲ ಅಂತ ಗೊತ್ತಾದ್ರೆ ಒಬ್ಬನೂ ಅದನ್ನ ಪಾಲಿಸಲ್ಲ."

"ಈ ಒಪ್ಪಂದಕ್ಕೆ ನಾನು ಯಾವಾಗ ಒಪ್ಪಿದ್ದು?"

"ನೀನು ಅದರಲ್ಲಿ ಇಲ್ಲ. ನೀನು ಹೊರಗಿನವನು."

"ಮತ್ತೆ ಕಂದಾಯ ಕಟ್ತೀನಲ್ಲ?"

"ಅದು ಬೇರೆ ವಿಷಯ."

"ಸರಿ, ನೀನು ಯಾವ ಕಲ್ಲು ಹಾಕಿದೆ?"

ಥುದಿಪ್ಪೋಸ್ ಗಡ್ಡ ತಡವಿಕೊಂಡ. "ಕರಿದು," ಅಂದ. "ಅದು ತತ್ವಕ್ಕೋಸ್ಕರ ಅಲ್ಲ. ಹೊದಿಕೆ ಕುಗ್ಗಿತ್ತು."

ಫಾನಿಯಾಸನ ಮುಂದೆ ಎರಡು ದಾರಿ ಇದ್ದವು. ಬಾಯಿ ಮುಚ್ಚಿಕೊಂಡು ಹೊರಗಿನವನಾಗಿ, ಕಂದಾಯ ಕಟ್ಟಿಕೊಂಡು ಬದುಕುವುದು ಒಂದು. ನ್ಯಾಯಾಲಯಕ್ಕೆ ಮೇಲ್ಮನವಿ ಹೋಗುವುದು ಇನ್ನೊಂದು. ಗೆದ್ದರೆ ಮತ್ತೆ ಪೌರ. ಸೋತರೆ, ಪೌರನ ವೇಷ ಹಾಕಿದ ಕಳ್ಳ ಅಂತ ಅಲ್ಲಿಂದಲೇ ಕೈಗೆ ಕೋಳ ಹಾಕಿ ಗುಲಾಮರ ಸಂತೆಯಲ್ಲಿ ಮಾರಿಬಿಡುತ್ತಾರೆ.

"ಮೊದಲನೇದೇ ವಾಸಿ ಕಣೋ," ಅಂದೆ ನಾನು. "ಪೌರ ಅಲ್ಲ ಅಂದ್ರೆ ಪ್ರಾಣ ಹೋಗಲ್ಲ. ನನ್ನ ನೋಡು, ಬದುಕಿಲ್ವಾ?"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದ.

ತೀರ್ಮಾನ ಮಾಡಿದ್ದು ಅವನ ಹೆಂಡತಿ ಹೆದಿಲೆ. ಅವಳು ತೊಟ್ಟಿಯ ಪಕ್ಕ ನಿಂತು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: "ಮೊಮ್ಮಕ್ಕಳು ಕಾಣೋ ವಯಸ್ಸಲ್ಲಿ, ಇಷ್ಟು ವರ್ಷ ನಾನು ಮಲಗಿದ್ದು ಯಾವನೋ ಪರದೇಶಿ ಜೊತೆ ಅಂತ ಈ ಮುಂಡೇಗಂಡರ ಹತ್ರ ನಾನು ಹೇಳಿಸ್ಕೋಬೇಕಾ? ನೀನು ಪೌರ ಅಲ್ಲ ಅಂದ್ರೆ ನನ್ನ ಮಗನೂ ಪೌರ ಅಲ್ಲ. ಹೋಗು, ನ್ಯಾಯಾಲಯಕ್ಕೆ ಹೋಗು." ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡು ಅತ್ತಳು. ಅದೂ ಓಣಿಗೆಲ್ಲ ಕೇಳಿಸಿತು.

ಮೇಲ್ಮನವಿ ಹೋದರೆ ಕಾನೂನಿನಂತೆ ಕೇರಿಯವರೇ ಐದು ಜನ ಆರೋಪಿಸುವವರನ್ನು ಆರಿಸಿ ಕಳಿಸಬೇಕು. ಅಂದರೆ ಯಾರಿಗೂ ಬೇಡವಾದ ತೀರ್ಪನ್ನು ಇಡೀ ಕೇರಿ ನಿಂತು ಸಮರ್ಥಿಸಬೇಕು. ನಿಕಾರ್ಖೋಸ್ ನನ್ನ ಅಂಗಡಿಗೇ ಬಂದು ಉಪಾಯ ಹೇಳಿದ: "ನಾವು ಹೋಗಿ ಸುಮ್ನೆ ತೊದಲಿ ಬಂದುಬಿಡ್ತೀವಿ. ಅವನು ಗೆದ್ಕೊಳ್ಳಲಿ."

"ತೊದಲಿದ್ರೆ ನ್ಯಾಯಮಂಡಳಿಯವರು ಅಗಸ ಲಂಚ ಕೊಟ್ಟಿದಾನೆ ಅಂದ್ಕೋತಾರೆ. ಆಗ ಅವನ ಕಥೆ ಮುಗೀತು," ಅಂದೆ.

ಅದಕ್ಕೇ ಥುದಿಪ್ಪೋಸನನ್ನು ಮುಂದೆ ಬಿಟ್ಟರು. ಅವನಿಗೆ ಹೇಳಿಕೊಟ್ಟದ್ದು ಇಷ್ಟು: ಚೆನ್ನಾಗಿ ಮಾತಾಡು, ಆದರೆ ಸೋಲು. ಕಂಬಸಾಲಿನ ಶಿಷ್ಯನಿಗೆ ಇದಕ್ಕಿಂತ ಕಷ್ಟದ ಕೆಲಸ ಕೊಡಲು ಸಾಧ್ಯವಿರಲಿಲ್ಲ.

ವಿಚಾರಣೆಗೆ ಮುಂಚಿನ ದಿನಗಳಲ್ಲಿ ಫಾನಿಯಾಸ್ ಬಟ್ಟೆ ಒಗೆಯುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಕೇರಿಯವರು ಕೊಟ್ಟ ಹೊದಿಕೆಗಳೆಲ್ಲ ರಾಶಿ ಬಿದ್ದಿದ್ದವು. ಅದೇ ಕರಿಕಲ್ಲಿನವರ ಹೊದಿಕೆಗಳು. "ಬಿಡೋ, ಅವು ಹಾಗೇ ಕೊಳೀಲಿ" ಅಂದೆ. "ಮಾರಿಹೋದ್ರೆ ಆಮೇಲೆ ಯಾರು ಒಗೀತಾರೆ? ಒಪ್ಪಿಕೊಂಡ ಕೆಲಸ ಬಾಕಿ ಇಟ್ಟು ಹೋದ ಅನ್ಬಾರದು" ಅಂದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಎಲ್ಲರದನ್ನೂ ಒಗೆದು, ಹಿಂಡಿ, ಗಂಧಕದ ಹೊಗೆ ಹಾಕಿ, ಮಡಿಚಿಟ್ಟ. ತನ್ನದನ್ನು ಒಗೆಯಲು ಹೊತ್ತು ಸಿಗಲಿಲ್ಲ. ಇದ್ದದ್ದನ್ನೇ ಹೊದ್ದು ನ್ಯಾಯಾಲಯಕ್ಕೆ ಬಂದ.

ನಾನು ಕಟಕಟೆಯ ಆಚೆ, ನೋಡುವ ಜನರ ನಡುವೆ ನಿಂತಿದ್ದೆ. ಹೆದಿಲೆ ಹೊರಗೆ ಬೀದಿಯಲ್ಲಿ ಕೂತಿದ್ದಳು. ನ್ಯಾಯಮಂಡಳಿಯವರು ನೂರಾರು ಜನ, ಹಲಗೆಗಳ ಮೇಲೆ ಒತ್ತೊತ್ತಾಗಿ, ಈರುಳ್ಳಿ ತಿನ್ನುತ್ತ ಕೂತಿದ್ದರು. ನೀರಿನ ಗಡಿಗೆಯ ತೂತಿನ ಬಿರಡೆ ತೆಗೆದರು. ನೀರು ಸುರಿದು ಮುಗಿಯುವುದರೊಳಗೆ ಮಾತು ಮುಗಿಯಬೇಕು.

ಥುದಿಪ್ಪೋಸ್ ಶುರುಮಾಡಿದಾಗ ಸೋಲುವವನಂತೆಯೇ ಇದ್ದ. ಆದರೆ ಎರಡನೇ ಮಾತಿಗೆ ಜನ ತಲೆದೂಗಿದರು, ಮೂರನೆಯದಕ್ಕೆ ಯಾರೋ ಭಲೇ ಅಂದರು. ಅಲ್ಲಿಗೆ ಅವನು ನಮ್ಮ ಕೈತಪ್ಪಿದ. "ಪೌರತ್ವ ಅಂದ್ರೆ ರಕ್ತ ಮಾತ್ರವೇ ಸ್ವಾಮಿ? ಅದು ಒಪ್ಪಂದ. ಬಾ ಅಂದಾಗ ಬರ್ತೀನಿ, ಹೊರು ಅಂದಾಗ ಹೊರ್ತೀನಿ ಅನ್ನೋ ಮಾತು. ಈ ಮನುಷ್ಯನನ್ನ ಗುಡ್ಡದ ಮೇಲೆ ಕಂಡವರು ಯಾರಾದ್ರೂ ಇದೀರಾ? ಒಂದೇ ಒಂದು ಸಲ ಕೈ ಎತ್ತಿದ್ದನ್ನ ಕಂಡವರು? ನಗರ ಕರೆದಾಗ ಬಾರದವನನ್ನ ನಗರ ಯಾಕೆ ನಮ್ಮವನು ಅನ್ನಬೇಕು?" ಮಾತು ಎಷ್ಟು ಸೊಗಸಾಗಿತ್ತೆಂದರೆ ಒಂದು ಗಳಿಗೆ ನಾನೇ ತಲೆದೂಗಿದೆ. ನಿಕಾರ್ಖೋಸ್ ಅವನ ಹೊದಿಕೆ ಹಿಡಿದು ಜಗ್ಗಿದ. ಅವನು ಕೈ ಕೊಡವಿ ಇನ್ನೂ ಮಾತಾಡಿದ.

ಫಾನಿಯಾಸನ ಕಡೆಯ ಸಾಕ್ಷಿ ಅವನ ಅಪ್ಪನ ಸೋದರಸಂಬಂಧಿ, ಮುದುಕ, ಎರಡು ಕಿವಿಯೂ ಕೇಳದು. ಇವನು ನಿಮ್ಮವನೋ ಅಂದರೆ ಹೌದು ಅಂದ. ಇವನ ಅಪ್ಪ ಪೌರನೋ ಅಂದರೆ ಹೌದು ಅಂದ. ಅಷ್ಟಕ್ಕೆ ನಿಲ್ಲಿಸಬಾರದೇ? ಅಪ್ಪ ಹೊರಗಿನವನೋ ಅಂತ ಥುದಿಪ್ಪೋಸ್ ಕೇಳಿದ. ಅದಕ್ಕೂ ಸಂತೋಷವಾಗಿ ಹೌದು ಅಂದುಬಿಟ್ಟ. ಹಲಗೆಗಳ ಮೇಲೆ ಗುಸುಗುಸು ಎದ್ದಿತು.

ಫಾನಿಯಾಸನ ಸರದಿ ಬಂತು. ಅವನು ಬಾಯಿಪಾಠ ಮಾಡಿದ್ದ ಮಾತುಗಳು ನನಗೂ ಬಾಯಿಗೆ ಬರುತ್ತಿದ್ದವು, ಅಷ್ಟು ಸಲ ಒಪ್ಪಿಸಿದ್ದ. ಈಗ ಬಾಯಿ ತೆರೆದ, ಏನೂ ಬರಲಿಲ್ಲ. ನೀರು ಸುರಿಯುತ್ತಿತ್ತು. "ಮಾತಾಡಯ್ಯ" ಅಂತ ಯಾರೋ ಕೂಗಿದರು. ನಿಂತೇ ಇದ್ದ. ಕೊನೆಗೆ, "ನಂಗೆ ಗೊತ್ತಿಲ್ಲ ಸ್ವಾಮಿ. ನಾನು ಇಲ್ಲಿಯವನೇ" ಅಂದು, ಬಂದ ದಾರಿಯಲ್ಲೇ ಹೋಗಲು ಬೆನ್ನು ತಿರುಗಿಸಿದ.

ನ್ಯಾಯಾಲಯ ಗೊಳ್ಳೆಂದಿತು.

ಅವನ ಹೊದಿಕೆಯ ಹಿಂಭಾಗಕ್ಕೆ, ಸರಿಯಾಗಿ ಕುಂಡೆಯ ಮೇಲೆ, ಅಡ್ಡಡ್ಡ ಕೆಂಪು ಪಟ್ಟೆ. ಹಿಂದಿನ ಮಹಾಸಭೆಯ ದಿನ ನನ್ನ ಅಂಗಡಿಯ ಮುಂದೆ ನಿಂತಿದ್ದಾಗ ಬಿದ್ದದ್ದು. ಯಾಕೆ ನಗುತ್ತಾರೆಂದು ಅವನಿಗೆ ಗೊತ್ತಿಲ್ಲ. ಗಾಬರಿಯಾಗಿ ಸುತ್ತ ತಿರುಗಿದ, ಪಟ್ಟೆ ಎಲ್ಲರಿಗೂ ಕಂಡಿತು. ಮುಂದಿನ ಹಲಗೆಯ ಮುದುಕನೊಬ್ಬ ಎದ್ದು ನಿಂತ: "ಏಯ್, ಹಗ್ಗ ಬಿದ್ದಿದೆ ಕಣ್ರೋ. ಪೌರ ಅಲ್ದಿದ್ರೆ ಹಗ್ಗ ಯಾಕೆ ಬೀಳತ್ತೆ?" ಆ ಮಾತು ಬಿದ್ದದ್ದೇ ತಡ, ಹಲಗೆಗಳ ಮೇಲಿದ್ದ ಎಷ್ಟೋ ಜನ ತಂತಮ್ಮ ಹಿಂಭಾಗ ತಡವಿಕೊಂಡು ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಥುದಿಪ್ಪೋಸನಿಗೆ ಇನ್ನೂ ಅಮಲು ಇಳಿದಿರಲಿಲ್ಲ. "ಸಂತೆಯಲ್ಲಿ ನಿಂತ ಯಾರಿಗೆ ಬೇಕಾದ್ರೂ ತಾಗಬಹುದು. ಹೊರಗಿನವನಿಗೂ ತಾಗಬಹುದು" ಅಂದ.

ನಾನು ಕಟಕಟೆ ದಾಟಿ ಹೇಗೆ ಒಳಗೆ ಹೋದೆನೋ ನನಗೇ ಗೊತ್ತಿಲ್ಲ. "ನಾನು ಹೊರಗಿನವನು. ಕ್ಷೌರಿಕ ಹೆರ್ಮೋನ್. ಸಾಕ್ಷಿ ಹೇಳ್ತೀನಿ" ಅಂದೆ. ಹೇಳು ಅಂದರು. "ಇಪ್ಪತ್ತು ವರ್ಷದಿಂದ ಆ ಹಗ್ಗ ನನ್ನ ಬಾಗಿಲ ಮುಂದೆ ಹೋಗ್ತಿದೆ ಸ್ವಾಮಿ. ನಾನು ಓಡಲ್ಲ, ಅಡಗಲ್ಲ, ಅಲ್ಲೇ ನಿಂತಿರ್ತೀನಿ. ಬಿಲ್ಲುಗಾರರು ಎತ್ತಿ ದಾಟಿಸ್ತಾರೆ. ಇವನ ಪಕ್ಕದಲ್ಲೇ ನಿಂತಿದ್ದೆ ಆವತ್ತು, ಇವನಿಗೆ ಬಿತ್ತು, ನಂಗೆ ಬೀಳಲಿಲ್ಲ. ನೋಡಿ." ಬೆನ್ನು ತಿರುಗಿಸಿ ನಿಂತೆ. ಮೆಗಾರದಿಂದ ತಂದ ಹೊದಿಕೆ ಅದು. ಹಳತಾಗಿತ್ತು, ತೇಪೆ ಇತ್ತು. ಕೆಂಪಿನ ಒಂದು ಚುಕ್ಕೆ ಇರಲಿಲ್ಲ. ನ್ಯಾಯಾಲಯ ಸ್ವಲ್ಪ ಹೊತ್ತು ನನ್ನ ಬೆನ್ನು ನೋಡಿತು. ಯಾರೂ ನಗಲಿಲ್ಲ.

ಫಾನಿಯಾಸ್ ಗೆದ್ದ. ಕರಿಕಲ್ಲಿನ ಕೇರಿ ಅವನನ್ನು ಹೊತ್ತುಕೊಂಡೇ ಹೊರಗೆ ತಂದಿತು. ಬಾಗಿಲಲ್ಲಿ ಅಧಿಕಾರಿಯೊಬ್ಬ ಪಟ್ಟೆ ನೋಡಿ, ಸಭೆ ತಪ್ಪಿಸಿದ್ದಕ್ಕೆ ದಂಡ ಹಾಕಿದ. ಫಾನಿಯಾಸ್ ಅದನ್ನು ಕುಣಿಯುತ್ತ ಕಟ್ಟಿದ. ಸಂಜೆಗೆ ಓಣಿಯಲ್ಲಿ ಹೋತ ಕಡಿದರು. ಒಬ್ಬೊಬ್ಬನೂ ಬಂದು ಅವನ ಹೆಗಲ ಮೇಲೆ ಕೈಹಾಕಿ, "ನಾನಂತೂ ಬಿಳಿಕಲ್ಲೇ ಹಾಕಿದ್ದೆ ಮಾರಾಯ" ಅಂದ. ಎಣ್ಣೆಯ ಮುದುಕ ಆಣೆ ಇಟ್ಟ. ಥುದಿಪ್ಪೋಸ್ ಅಪ್ಪಿಕೊಂಡು, ತಾನು ಸೋಲಲಿಕ್ಕೇ ಹಾಗೆ ಮಾತಾಡಿದ್ದು ಅಂತ ವಿವರಿಸಿದ. ಫಾನಿಯಾಸ್ ಎಲ್ಲರನ್ನೂ ನಂಬಿದ. ಅವರು ಹೇಳಿದಷ್ಟು ಬಿಳಿಕಲ್ಲು ಬಿದ್ದಿದ್ದರೆ ಗಡಿಗೆ ಒಡೆಯಬೇಕಿತ್ತು. ನಾನು ಬಾಯಿ ಬಿಡಲಿಲ್ಲ, ಎಲ್ಲರೂ ನನ್ನ ಗಿರಾಕಿಗಳು.

ಮರುದಿನ ಅವನು ನನ್ನ ಅಂಗಡಿಗೆ ಬಂದ. ತನ್ನ ಹೊದಿಕೆಯನ್ನು ತಾನೇ ಒಗೆದುಕೊಂಡಿದ್ದ. ಹೆದಿಲೆ ಹೋತದ ಮಾಂಸದಲ್ಲಿ ನನ್ನ ಪಾಲು ಕಳಿಸಿದ್ದಳು, ಅದನ್ನು ಬಾಗಿಲಲ್ಲೇ ಕೊಟ್ಟು, ಪೀಠದ ಮೇಲೆ ಕೂತು, ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ. ನಾನು ಗಡ್ಡ ತಿದ್ದಿ, ಕುತ್ತಿಗೆಯ ಕೂದಲು ತೆಗೆಯಲು ಕತ್ತಿ ಇಟ್ಟೆ.

"ದೇವರು ದೊಡ್ಡವನು ಹೆರ್ಮೋನ್," ಅಂದ. "ನಿಜ ಹೇಳ್ಲಾ? ಮಾರಿಬಿಡ್ತಾರಲ್ಲ ಅಂತ ಅಷ್ಟೇನೂ ಹೆದರಿಕೆ ಇರಲಿಲ್ಲ. ಅದು ಒಂದೇ ಏಟಿಗೆ ಮುಗಿದುಹೋಗತ್ತೆ. ಸಾಯೋವರೆಗೂ ನಿನ್ನ ಹಾಗೆ ಬದುಕ್ಬೇಕಾಗತ್ತಲ್ಲ, ಅದನ್ನ ನೆನೆಸ್ಕೊಂಡ್ರೆ ನಿದ್ದೇನೇ ಬರ್ತಿರಲಿಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗೆಳೆಯನ ಹತ್ತಿರ ಮನಸ್ಸು ಬಿಚ್ಚಿ ಹೇಳಿದ್ದು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಅವನ ಕುತ್ತಿಗೆಯ ನರ ನನ್ನ ಕತ್ತಿಯ ಅಲಗಿನ ಕೆಳಗೆ ನೆಮ್ಮದಿಯಾಗಿ ಮಿಡಿಯುತ್ತಿತ್ತು. ಓಣಿಯಲ್ಲಿ ಯಾರೂ ಇರಲಿಲ್ಲ. ಈ ಊರಿನ ಯಾವ ಸಭೆಯೂ ಯಾವತ್ತೂ ನನ್ನ ಒಪ್ಪಿಗೆ ಕೇಳಿಲ್ಲ. ಆದರೂ ದಿನ ಬೆಳಗಾದರೆ ಇಲ್ಲಿನ ಪೌರರು ಒಬ್ಬರಾದ ಮೇಲೆ ಒಬ್ಬರು ಬಂದು, ಕಣ್ಣು ಮುಚ್ಚಿ, ನನ್ನ ಕೈಗೆ ಕುತ್ತಿಗೆ ಕೊಟ್ಟು ಕೂರುತ್ತಾರೆ.

"ಗದ್ದ ಸ್ವಲ್ಪ ಎತ್ತು," ಅಂದೆ.

ಎತ್ತಿದ.